ಘಾಟು ಬಂದರೆ ಗುಣಮಟ್ಟ

ಮಳೆಗಾಲ ಹಿಡಿದರೆ ತುಂಗೆ ಕೆಂಪಾಗುತ್ತಾಳೆ, ನಮ್ಮೂರ ನಲ್ಲಿ ಘಾಟಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದ ಹಿರಿಯರು ಆ ಪಾನಕ್ಕೆ ಬ್ಲೀಚಿಂಗ್ ಪೌಡರ್ ಎಷ್ಟು ಬೆರೆಸಬೇಕೆಂದು ಹೇಳದೆ ಹೋದದ್ದರಿಂದ ಲೆಕ್ಕವೆಲ್ಲ ಈಗ ನೀರುಗಂಟಿಯ ಕೈಯಲ್ಲಿದೆ. ಕೈ ಎಂದರೆ ಕೈಯೇ, ಬೇರೆ ಅಳತೆ ಇಲ್ಲ. ತಿಳಿನೀರಿಗೆ ಒಂದು ಹಿಡಿ, ಕೆಂಪು ನೀರಿಗೆ ಎರಡು, ಮಂತ್ರಿಗಳು ಬರುವ ದಿನ ಮೂರು.

ಕೆಂಪು ನೀರಲ್ಲಿ ಮಣ್ಣಷ್ಟೇ ಇರುವುದಿಲ್ಲ, ಘಟ್ಟದ ತರಗೆಲೆ ಕೊಳೆತು ಬಿಟ್ಟ ರಸವೂ ಇರುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಆ ರಸದ ಜತೆ ಸೇರಿದರೆ ಕ್ಲೋರೋಫಾರಂ ಮತ್ತದರ ದಾಯಾದಿಗಳು ಹುಟ್ಟುತ್ತವೆ. ಮನೆತನದ ಹೆಸರು ಟ್ರೈಹಾಲೋಮೀಥೇನ್. ರಾಟರ್‌ಡ್ಯಾಮಿನ ನೀರು ಸರಬರಾಜಿನ ರಸಾಯನಜ್ಞ ಯೊಹಾನೆಸ್ ರೂಕ್ 1974ರಲ್ಲೇ ಇದನ್ನು ಬರೆದಿಟ್ಟರು. ಇಂಥ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಹಾಗಂತ ಕ್ಲೋರಿನ್ನೇ ಬೇಡವೆಂದರೆ ದಶಕ ಕಾಯಬೇಕಿಲ್ಲ, ನಾಳೆಯೇ ವಾಂತಿಭೇದಿ. ದಾರಿ ಗೊತ್ತಿರುವುದೇ: ಮೊದಲು ಪಟಿಕ ಹಾಕಿ ಕೊಳೆ ಇಳಿಸು, ಸೋಸು, ಆಮೇಲೆ ಕ್ಲೋರಿನ್ ಹಾಕು. ನಮ್ಮಲ್ಲಿ ಫಿಲ್ಟರ್ ಬೆಡ್ಡಿನ ಮರಳು ಬದಲಾಯಿಸಿದ್ದು ಯಾರಿಗೂ ನೆನಪಿಲ್ಲ. ಅದರ ಉದ್ಘಾಟನೆಯ ಶಿಲಾಫಲಕಕ್ಕೆ ಮಾತ್ರ ಎರಡು ಸಲ ಬಣ್ಣ ಬಳಿದಾಗಿದೆ.

ಕುಡಿಯುವ ನೀರಿಗೆಂದು ಐಎಸ್ 10500 ಎಂಬ ಮಾನಕವಿದೆ. ಉಳಿಕೆ ಕ್ಲೋರಿನ್, ಅಂದರೆ ಕೊಳೆಗೆ ಖರ್ಚಾಗಿ ನೀರಲ್ಲಿ ಉಳಿದದ್ದು, ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು, ಕ್ಲೋರೋಫಾರಂ 0.2 ಮಿಲಿಗ್ರಾಂ ಮೀರಬಾರದು. ಒಂದೇ ಪುಸ್ತಕ, ಒಂದೇ ಅಂಕಿ, ಆದರೆ ಯೋಗ ಬೇರೆ ಬೇರೆ. ಮೊದಲನೆಯದಕ್ಕೆ ನಾಲ್ಕು ಹನಿ ದ್ರಾವಣ ಬಿಟ್ಟರೆ ಸಾಕು, ನೀರು ಹಳದಿಯಾಗುತ್ತದೆ. ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಬಹುದು, ಕೈಮುಗಿದ ಇಮೋಜಿಗಳೂ ಬೀಳುತ್ತವೆ. ಎರಡನೆಯದಕ್ಕೆ ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಪ್ರಯೋಗಾಲಯದ ಯಂತ್ರ ಬೇಕು. ಬಣ್ಣವಿಲ್ಲ, ಫೋಟೋ ಇಲ್ಲ, ಹಾಗಾಗಿ ನಮ್ಮ ನೀರಲ್ಲಿ ಕ್ಲೋರೋಫಾರಂ ಕೂಡ ಇಲ್ಲ.

ಅನುಮಾನವಿದ್ದವರು ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು, ಕಿಟಕಿಯನ್ನೂ ತೆರೆದಿಟ್ಟು ನೀರು ಕುದಿಸಬಹುದು. ಬಹುಪಾಲು ಕ್ಲೋರೋಫಾರಂ ಹಬೆಯ ಜತೆ ಹಾರಿಹೋಗುತ್ತದೆ. ಗ್ಯಾಸಿನ ಖರ್ಚು ನೀರಿನ ಕಂದಾಯದಲ್ಲಿ ಸೇರಿಲ್ಲ.

ಹೋದ ಮಳೆಗಾಲದ ನೀರಿನ ವರದಿ ನೋಡಿದೆ. ಕೆಳಗೆ ‘ಕುಡಿಯಲು ಯೋಗ್ಯ’ ಎಂಬ ಮೊಹರು, ಟ್ರೈಹಾಲೋಮೀಥೇನ್ ಎದುರು ಒಂದು ಅಡ್ಡಗೆರೆ. ಇದೇನು ಸಾರ್ ಎಂದೆ.

“ಗೆರೆ ಅಂದ್ರೆ ನಿಲ್ ಮಾರಾಯ್ರೆ” ಎಂದರು ಸಾಹೇಬರು. “ಪರೀಕ್ಷೆ ಮಾಡಿದ್ರೆ ತಾನೆ ಏನಾದ್ರೂ ಸಿಗೋದು?”