ಹೂವು, ಹಣ್ಣಿನ ಬುಟ್ಟಿ ಕೊಡುವ ಮುನ್ನ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಸ್ನೇಹಿತರಿಗೆ ಹೂಗುಚ್ಛ, ಹಣ್ಣಿನ ಬುಟ್ಟಿ ಮತ್ತು ಪರಿಮಳದ ಮೇಣದಬತ್ತಿಗಳನ್ನು ಕೊಡಬಹುದೆಂದು ಲೇಖನವೊಂದರಲ್ಲಿ ಸೂಚಿಸಿರುವ ಲೇಖಕರ ಕಾಳಜಿಯನ್ನು ಮೆಚ್ಚುತ್ತಲೇ, ಆ ಮೂರರ ಬಗ್ಗೆಯೂ ನನ್ನ ಆಕ್ಷೇಪವನ್ನು ತಿಳಿಸಬಯಸುತ್ತೇನೆ. ಕೀಮೋಥೆರಪಿಯ ನಂತರದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕಿನ ಅಪಾಯ ಹೆಚ್ಚುವುದರಿಂದ, ಹಸಿ ಹೂವನ್ನೂ ಹೆಚ್ಚಿಟ್ಟ ಹಣ್ಣನ್ನೂ ರೋಗಿಯ ಹತ್ತಿರ ತರಬಾರದೆಂದು ಅನೇಕ ವೈದ್ಯರು ಹೇಳುತ್ತಾರೆ. ವಾಕರಿಕೆಯಿಂದ ಬಳಲುವವರಿಗಂತೂ ಪರಿಮಳದ ಮೇಣದಬತ್ತಿ ಮಾತ್ರವಲ್ಲ, ಊದುಬತ್ತಿಯ ಹೊಗೆ, ಮಲ್ಲಿಗೆಯ ಘಮ ಕೂಡ ಸಹಿಸಲಾಗದಂತಾಗಬಹುದು.

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ನನ್ನ ಗೆಳತಿಗೆ ನಿಜಕ್ಕೂ ನೆರವಾದದ್ದು ಬಹಳ ಸಾಮಾನ್ಯ ವಸ್ತುಗಳು: ಅತಿ ಮೃದುವಾದ ಹಲ್ಲುಜ್ಜುವ ಬ್ರಷ್, ಕೂದಲು ಉದುರಿದ ತಲೆಗೆ ಚುಚ್ಚದ ಹತ್ತಿಯ ಟೋಪಿ, ಎ.ಸಿ. ಕೋಣೆಯಲ್ಲಿ ಹೊದೆಯಲು ಒಂದು ಶಾಲು. ಸ್ಟೀಲ್ ಚಮಚ ಬಾಯಿಗಿಟ್ಟರೆ ಲೋಹದ ರುಚಿಯೇ ಹತ್ತುತ್ತದೆ ಎನ್ನುತ್ತಿದ್ದ ಆಕೆ, ಮರದ ಚಮಚ ಕೊಟ್ಟ ಮೇಲೆ ತಣಿದ ರಾಗಿ ಗಂಜಿಯನ್ನು ನಿಧಾನವಾಗಿ, ಬಟ್ಟಲು ಖಾಲಿಯಾಗುವವರೆಗೆ ಉಂಡಳು. ಬಾಯಿ ಹುಣ್ಣಿಗೆ 1 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ತಲಾ 1 ಟೀಚಮಚ ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿ ಮುಕ್ಕಳಿಸುವುದು ರೂಢಿಯಲ್ಲಿದೆಯಾದ್ದರಿಂದ, ಅವೆರಡನ್ನೂ ಉಡುಗೊರೆಯ ಚೀಲದಲ್ಲಿ ಇಡಬಹುದು. ಉಪ್ಪಿನಕಾಯಿ, ಖಾರದ ಕುರುಕಲು ಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಪ್ರೀತಿಯಿಂದ ತಂದ ಕಷಾಯದ ಪುಡಿಯೂ ನಾಟಿ ಔಷಧಿಯೂ ಕೀಮೋ ಔಷಧದ ಪರಿಣಾಮವನ್ನು ಏರುಪೇರು ಮಾಡಬಲ್ಲವು. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ ದಯವಿಟ್ಟು ಅವನ್ನು ಕೊಡಬೇಡಿ.