ಒಂದು ಗೇಣು ಆಳದ ನಿಧಿ

ನಮ್ಮ ಕಡೆ ನೆಲ ಅಗೆಯಬೇಕೆಂದರೆ ಕಾರಣ ಬೇಕು. ಬಾವಿಗೋ, ಕಾಲುವೆಗೋ, ಅಡಿಕೆ ಸಸಿಯ ಗುಂಡಿಗೋ ಅಗೆದರೆ ಯಾರೂ ತಲೆಯೆತ್ತಿಯೂ ನೋಡುವುದಿಲ್ಲ. ನಲವತ್ತು ದಾಟಿದ ಗಂಡಸೊಬ್ಬ ಕಿವಿಗೆ ಹೆಡ್‌ಫೋನ್ ಏರಿಸಿ, ಕೋಲಿನ ತುದಿಗೆ ಊಟದ ತಟ್ಟೆ ಕಟ್ಟಿದಂಥ, ಲೋಹ ಹುಡುಕುವ ಯಂತ್ರವನ್ನು ಅಂಗಳದ ಮೇಲೆ ಆಡಿಸುತ್ತ, ನಡುನಡುವೆ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದರಿದರೆ ಮಾತ್ರ ಶಿರಸಿ ಸೀಮೆಯಲ್ಲಿ ಅದಕ್ಕೆ ಎರಡೇ ಅರ್ಥ: ತಲೆ ಕೆಟ್ಟಿದೆ, ಇಲ್ಲವೇ ನಿಧಿ ಸಿಕ್ಕಿದೆ.

ಈ ಹುಚ್ಚು ಹತ್ತಿದ್ದು ಕುಮಟಾದ ಹತ್ತಿರದ ಮಿರ್ಜಾನ್ ಕೋಟೆ ನೋಡಿ ಬಂದ ಮೇಲೆ. 2000-01ರಲ್ಲಿ ಅಲ್ಲಿ ಉತ್ಖನನ ನಡೆದಾಗ ಗೋವೆಯ ಪೋರ್ಚುಗೀಸರು 1652ರಲ್ಲಿ ಟಂಕಿಸಿದ ಚಿನ್ನದ ನಾಣ್ಯ ಸಿಕ್ಕಿತ್ತೆಂದು ಓದಿದ್ದೆ. ಕಾಳುಮೆಣಸು ಕೊಳ್ಳಲು ಬಂದವರು ಘಟ್ಟದ ಕೆಳಗೆ ಒಂದು ಬೀಳಿಸಿದ್ದರೆ, ಮೆಣಸು ಬೆಳೆದು ಕಳಿಸಿದ ಘಟ್ಟದ ಮೇಲಿನ ನಾವು ಅರ್ಧವಾದರೂ ಬೀಳಿಸಿರಬೇಕಲ್ಲ ಎಂಬುದು ನನ್ನ ಲೆಕ್ಕ. ಕೋಟೆಯಲ್ಲಿ ಹುಡುಕುವ ಹಾಗಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಅಗೆದರೆ ಅಪರಾಧ. ಸ್ವಂತ ಹಿತ್ತಿಲಿನಲ್ಲಿ ಸಿಕ್ಕಿದ್ದೂ ಪೂರ್ತಿ ಸ್ವಂತವಲ್ಲ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರಲ್ಲೇ ನಿಧಿ ಕಾಯ್ದೆ ಹೇಳಿದೆ. ಆ ಹತ್ತು ರೂಪಾಯಿಗೆ ಈಗ ಒಂದು ಚಹಾ ಬಂದರೆ ಪುಣ್ಯ. ಆದರೂ ಕಾರವಾರದ ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೋಗಿ, ಸಾಹೇಬರ ಮೇಜಿನ ಮೇಲೆ ಗಂಟು ಬಿಚ್ಚುವ ದೃಶ್ಯವನ್ನು ಯಂತ್ರ ಬರುವ ಮೊದಲೇ ನಾಲ್ಕು ಸಲ ಕಂಡು ಮುಗಿಸಿದ್ದೆ.

ಯಂತ್ರ ಬಂತು. ಅಂಗಳದಲ್ಲಿ ಚಾಲೂ ಮಾಡಿದೆ, ಕೂಗಿತು. ಎರಡು ಹೆಜ್ಜೆ ಆಚೆ ಹೋದೆ, ಅಲ್ಲೂ ಕೂಗಿತು. ತುಳಸಿಕಟ್ಟೆ, ಕೊಟ್ಟಿಗೆ, ಬಚ್ಚಲ ಹಿಂದೆ, ಎಲ್ಲಿ ಹಿಡಿದರೂ ಕೂಗು. ನಮ್ಮ ಮನೆ ಕೊಪ್ಪರಿಗೆಗಳ ಮೇಲೆಯೇ ಕೂತಿದೆ ಎಂದು ನಂಬಿ ಎರಡು ತಾಸು ಕಳೆದೆ. ಆಮೇಲೆ ಅದರ ಜೊತೆ ಬಂದ ಪುಸ್ತಿಕೆ ಓದಿದೆ. ತಟ್ಟೆಯೊಳಗಿನ ತಂತಿಯ ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹ ಅದಕ್ಕೆ ಮರುದನಿ ಕೊಡುತ್ತದೆ. ತೊಂದರೆ ಏನೆಂದರೆ ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು. ಆದ್ದರಿಂದ ತಟ್ಟೆಯನ್ನು ನೆಲದ ಹತ್ತಿರ ಎತ್ತಿ ಇಳಿಸಿ, ಎತ್ತಿ ಇಳಿಸಿ, ಇದು ಬರೀ ಮಣ್ಣು ಮಾರಾಯ ಎಂದು ಅದಕ್ಕೆ ಮೊದಲು ಮನವರಿಕೆ ಮಾಡಿಸಬೇಕು. ನಾನು ಅದನ್ನೇ ಮಾಡುತ್ತಿದ್ದಾಗ ಅಡಿಕೆ ಕೊಯ್ಲಿನ ದಿನ ಕೇಳಲು ಬಂದ ಕೊನೆಗೌಡ ಬೇಲಿಯ ದಣಪೆಯ ಹತ್ತಿರವೇ ನಿಂತುಬಿಟ್ಟ.

"ಸಣ್ಣ ಹೆಗಡೇರೇ, ಆರತಿಯೋ?"

ಸಂಜೆಯೊಳಗೆ ಸುದ್ದಿ ಊರು ಸುತ್ತಿತು. ಹಾಲಿನ ಡೈರಿಯಲ್ಲಿ ಒಬ್ಬರು, ಬರುವ ಅಮಾವಾಸ್ಯೆ ಯಾವ ವಾರ ಬೀಳುತ್ತದೆ ಎಂದು ನನ್ನನ್ನೇ ನೋಡುತ್ತ ಕೇಳಿದರು. ಆಚೆಮನೆಯ ದೊಡ್ಡಪ್ಪ ವರ್ಷಗಳ ಮೇಲೆ ನಮ್ಮ ಜಗಲಿಗೆ ಬಂದು ಕೂತು, ಕವಳ ಹಾಕಿ, ತೋಟದ ಕಡೆ ದೃಷ್ಟಿ ನೆಟ್ಟು ಹೇಳಿದರು: "ಹಿಸೆ ಆಗುವಾಗ ಆ ಕೆಳಗಿನ ತುಂಡು ನಮಗೆ ಬರಬೇಕಿತ್ತು, ತಮ್ಮಾ. ನೆನಪಿರಲಿ ಎಂದು ಹೇಳಿದೆ."

ಈ ಗದ್ದಲದಿಂದ ತಪ್ಪಿಸಿಕೊಳ್ಳಲು ಗೋಕರ್ಣದ ಕಡಲತೀರಕ್ಕೂ ಹೋಗಿ ಬಂದೆ. ಒದ್ದೆ ಮರಳಿನ ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ. ಅಲೆ ಬಂದಾಗಲೆಲ್ಲ ಯಂತ್ರ ಕಿರುಚಿತು. ಒಣ ಮರಳಿನಲ್ಲಿ ಬಾಟಲಿಯ ಮುಚ್ಚಳಗಳು ಸಿಕ್ಕವು, ಹದಿನಾರು. ಅಷ್ಟೇ.

ಮತ್ತೆ ತೋಟಕ್ಕೇ ಇಳಿದೆ. ಮೊದಲ ವಾರದ ಗಳಿಕೆ: ಮೊಳೆಗಳು, ಮುರಿದ ಕತ್ತಿಯ ಮೂಗು, ಎತ್ತಿನ ಲಾಳ, ಮತ್ತು ಅಂಚು ಅಲೆಅಲೆಯಾದ ಅಲ್ಯೂಮಿನಿಯಂನ ಹತ್ತು ಪೈಸೆ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರಲ್ಲಿಯೇ ನಿಂತಿದೆ. ಹಾಗಾಗಿ ಕಲೆಕ್ಟರರನ್ನು ಎಬ್ಬಿಸಲಿಲ್ಲ.

ಎಂಟನೆಯ ದಿನ ಬಾಳೆಯ ಹಿಂಡಿನ ಪಕ್ಕ ಕೇಳಿದ ದನಿ ಬೇರೆಯದೇ. ಕಬ್ಬಿಣ ಗೊರಗೊರ ಎನ್ನುತ್ತದೆ. ಇದು ದೇವರ ಗಂಟೆಯಂತೆ ತೆಳ್ಳಗೆ, ಸ್ವಚ್ಛವಾಗಿ ಕೇಳಿತು. ಸರಿಯಾಗಿ ಒಂದು ಗೇಣು ಆಳ, ಅಂದರೆ ನಾಣ್ಯದ ಗಾತ್ರದ ವಸ್ತುವನ್ನು ನನ್ನ ಯಂತ್ರ ಹಿಡಿಯಬಲ್ಲ ಕಟ್ಟಕಡೆಯ ಮಟ್ಟ. ಕೈ ನಡುಗುತ್ತಿತ್ತು. ಗುದ್ದಲಿ ಬಿಟ್ಟು ಬೆರಳಿನಲ್ಲೇ ಬಗೆದೆ. ಹಸಿರುಗಟ್ಟಿದ ಒಂದು ದುಂಡನೆಯ ಅಂಚು ಕಂಡಿತು. ಅಷ್ಟರಲ್ಲಿ ಹಿಂದಿನಿಂದ ಅಪ್ಪಯ್ಯನ ಕೂಗು: "ಬೇರು! ಬೇರು ಕಡಿದೆಯಲ್ಲೋ, ಫಲಕ್ಕೆ ಬಂದ ಮರ!"

ಕಾಲುವೆಯಲ್ಲಿ ತೊಳೆದೆವು. ನಾಣ್ಯವಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆಯ ನಾಝಲ್.

ಅಪ್ಪಯ್ಯ ಏಕೋ ಮಾತು ನಿಲ್ಲಿಸಿದ. ನನಗೂ ಹೊಳೆಯಿತು. 1994ರ ಮಳೆಗಾಲದಲ್ಲಿ ಔಷಧಿ ಹೊಡೆಯುವ ನಡುವೆ ಹೊಸ ನಾಝಲ್ ಕಾಣೆಯಾಗಿತ್ತು. ಆ ವಾರ ಮನೆಗೆ ಬಂದಿದ್ದವನು ಸೋದರಮಾವ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಏನು ಕಳೆದರೂ, ಚಮಚೆಯಾದರೂ ಚಪ್ಪಲಿಯಾದರೂ, ಅಪ್ಪಯ್ಯ ಆಯಿಯ ಕಡೆ ತಿರುಗಿ "ನಿನ್ನ ತಮ್ಮ ಬಂದಿದ್ದನೇ?" ಎಂದು ಕೇಳುವುದು ರೂಢಿ. ಆ ನಾಝಲ್ ಮರದ ತುದಿಯಿಂದ ಜಾರಿ ಸೊಪ್ಪಿನಲ್ಲಿ ಬಿದ್ದು, ಮುವ್ವತ್ತು ವರ್ಷ ಇಲ್ಲೇ ಮಲಗಿತ್ತು. ನಾವೇ ವರ್ಷವರ್ಷ ಅದರ ಮೇಲೆ ಸೊಪ್ಪು ಹಾಸಿದ್ದೆವು, ಕೆಲವು ವರ್ಷಕ್ಕೊಮ್ಮೆ ಹೊಸಮಣ್ಣು ಹೇರಿದ್ದೆವು. ಮುವ್ವತ್ತು ವರ್ಷಕ್ಕೆ ಒಂದು ಗೇಣಾದರೆ ಪೋರ್ಚುಗೀಸರ ನಾಣ್ಯ ಎಷ್ಟು ಕೆಳಗೆ? ಅಲ್ಲೇ ಬೆರಳು ಮಡಿಸಿ ತ್ರೈರಾಶಿಕ ಹಾಕಿದೆ: ಒಂಬತ್ತು ಅಡಿ. ಅದಕ್ಕೆ ಯಂತ್ರ ಸಾಲದು, ಬಾವಿ ತೋಡುವವರೇ ಬೇಕು.

ಆಯಿ ನಾಝಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ದೀಪಾವಳಿಯ ದೀಪಗಳಿಗೂ ಅಷ್ಟು ಹೊತ್ತು ಕೊಟ್ಟವಳಲ್ಲ. ಫಳಫಳ ಹೊಳೆಯುವುದನ್ನು ತಂದು ಅಪ್ಪಯ್ಯನ ಕವಳದ ಬಟ್ಟಲಿನ ನಟ್ಟನಡುವೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿಟ್ಟಳು. ಒಂದು ಮಾತೂ ಆಡಲಿಲ್ಲ.

ಅಪ್ಪಯ್ಯ ಅದನ್ನೆತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. "ಇದು ಅದಲ್ಲ" ಎಂದ. "ಅದರ ತಿರುಪಿನ ಮರೆ ಸ್ವಲ್ಪ ಸವೆದಿತ್ತು."

"ಹೊಸತು ಎಂದಿದ್ದಿರಿ" ಎಂದಳು ಆಯಿ. ಆಮೇಲೆ ನನ್ನ ಕಡೆ ತಿರುಗಿದಳು.

"ಅದಕ್ಕೆ ಬೆಳ್ಳಿಯೂ ಗೊತ್ತಾಗುತ್ತದೆಯೇನೋ?"

"ಚೆನ್ನಾಗಿ ಗೊತ್ತಾಗುತ್ತದೆ, ಆಯಿ. ಏಕೆ?"

"ನಿನ್ನ ಉಪನಯನದಲ್ಲಿ ಒಂದು ಬೆಳ್ಳಿ ಲೋಟ ಹೋಯಿತಲ್ಲ. ಭಾನುವಾರ ನಿಮ್ಮ ಸೋದರತ್ತೆಯ ಮನೆಗೆ ಹೋಗುವಾಗ ಆ ಯಂತ್ರವನ್ನೂ ಕಾರಿನಲ್ಲಿ ಹಾಕಿಕೋ."