ಯಾವ ಗಡಿಯಾರ?

ಸರಳವಾಗಿ ಬದುಕಬೇಕೆಂಬ ಆಸೆ ನನಗೆ ನೆಗಡಿಯ ಹಾಗೆ, ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಈ ಸಲ ಸ್ವಲ್ಪ ಜೋರಾಗಿಯೇ ಬಂತು. ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಮೊಬೈಲ್ ನೋಡುತ್ತ ಕುಳಿತಿದ್ದ ನಾನು, ಎಲೆಗೆ ಹೋಳಿಗೆ ಬಿದ್ದದ್ದು ಗೊತ್ತಾಗದೆ ಅದರ ಮೇಲೆ ಸಾರು ಹಾಕಿಸಿಕೊಂಡಿದ್ದೆ. ಬಡಿಸಿದವರು ಏನೂ ಹೇಳಲಿಲ್ಲ. ಅವರ ಆ ಮೌನವೇ ಚುಚ್ಚಿತು.

ಭಾನುವಾರ ಮೊಬೈಲ್ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಘೋಷಿಸಿದೆ. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆಂದು ಅದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು, ಬಟ್ಟೆಯ ಚೀಲ ಹಿಡಿದು ಸರಸ್ವತಿಪುರದಲ್ಲಿ ಸಿಟಿ ಬಸ್ ಹತ್ತಿದೆ. ಹೆಂಡತಿ ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಗೆ ಹೋಗಿದ್ದಳು. "11 ಗಂಟೆಗೆ ಗಡಿಯಾರದ ಹತ್ತಿರ ಬಂದುಬಿಡಿ" ಎಂದಷ್ಟೇ ಹೇಳಿದ್ದಳು.

ಮೈಸೂರಿನವರು ಈಗಾಗಲೇ ನಗುತ್ತಿರಬೇಕು. ಈ ಊರಿನಲ್ಲಿ ಗಡಿಯಾರಗಳು ಎರಡು. ಮಾರುಕಟ್ಟೆಯ ಮಗ್ಗುಲಲ್ಲಿರುವುದು ಡಫರಿನ್ ಹೆಸರಿನ ಚಿಕ್ಕ ಗಡಿಯಾರ. ಪುರಭವನದ ಹತ್ತಿರ 75 ಅಡಿ ಎತ್ತರಕ್ಕೆ ನಿಂತಿರುವುದು ದೊಡ್ಡ ಗಡಿಯಾರ; ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಗಡಿಯಾರ ಎಂದರೆ ದೊಡ್ಡದೇ ಎಂದು ನಾನು ತಿಳಿದೆ. ತರಕಾರಿ ಕೊಳ್ಳುವವಳಿಗೆ ಚಿಕ್ಕದೇ ಗಡಿಯಾರ. ಮದುವೆಯಾಗಿ 22 ವರ್ಷವಾದರೂ ಈ ವಿಷಯ ನಮ್ಮ ನಡುವೆ ಇತ್ಯರ್ಥವಾಗಿರಲಿಲ್ಲ, ಏಕೆಂದರೆ ಪ್ರತಿ ಸಲವೂ ಫೋನ್ ಮಾಡಿ "ಎಲ್ಲಿದ್ದೀಯ?" ಎಂದು ಕೇಳಿಬಿಡುತ್ತಿದ್ದೆವು.

ದೊಡ್ಡ ಗಡಿಯಾರದ ಅಂಕಿಗಳು ಕನ್ನಡದವು. ತಲೆಯೆತ್ತಿ ಹೆಮ್ಮೆಯಿಂದ ನೋಡಿದೆ. ಮುಳ್ಳು ನಿಂತ ಜಾಗದಿಂದಲೇ ಗಂಟೆ ತಿಳಿದುಕೊಂಡು, ಅಂಕಿಯನ್ನೇ ಓದಿದವನಂತೆ ತಲೆಯಾಡಿಸಿದೆ. ಯಾರೂ ಪರೀಕ್ಷಿಸಲಿಲ್ಲ, ಸದ್ಯ.

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಮೊದಲ ಹತ್ತು ನಿಮಿಷ ಬಹಳ ಹಿತವಾಗಿತ್ತು. ಪಾರಿವಾಳಗಳನ್ನು ನೋಡಿದೆ, ಹೋಗಿ ಬರುವವರನ್ನು ನೋಡಿದೆ. ಆಮೇಲೆ ಕೈ ತಾನಾಗಿಯೇ ಜೇಬು ತಡಕತೊಡಗಿತು. ಕೊನೆಗೆ ಚಿಕ್ಕ ಗಡಿಯಾರದ ನೆನಪಾಗಿ, ಕೆ.ಆರ್. ವೃತ್ತದ ಕಡೆಯಿಂದ ಬಿರಬಿರನೆ ನಡೆದೆ. ಅದೇ ಹೊತ್ತಿಗೆ ಅವಳಿಗೂ ದೊಡ್ಡ ಗಡಿಯಾರ ನೆನಪಾಗಿ, ಸಂತೇಪೇಟೆಯ ಒಳದಾರಿ ಹಿಡಿದು ಹೊರಟಿದ್ದಳಂತೆ.

ಚಿಕ್ಕ ಗಡಿಯಾರದ ಕೆಳಗೆ ಹೂವಿನವರೊಬ್ಬರ ಫೋನ್ ಬೇಡಿದೆ. ಕೊಟ್ಟರು. ಹೆಂಡತಿಯ ನಂಬರಿನ ಮೊದಲ ನಾಲ್ಕು ಅಂಕಿಗಳಾಚೆ ಏನೂ ಹೊಳೆಯಲಿಲ್ಲ. ಚಿಕ್ಕಂದಿನಲ್ಲಿ ಎದುರು ಮನೆಯಲ್ಲಿದ್ದ ಫೋನಿನ ನಂಬರ್ ಮಾತ್ರ ಮಗ್ಗಿಯಂತೆ ನಾಲಿಗೆಗೆ ಬಂತು. ಆ ಮನೆಯೇ ಈಗಿಲ್ಲ. ಪೂರ್ತಿ ನೆನಪಿದ್ದ ಇನ್ನೊಂದು ನಂಬರ್ ನನ್ನದೇ. ಅದನ್ನೇ ಒತ್ತಿದೆ. ಬಹಳ ಹೊತ್ತಿನ ಮೇಲೆ ಮಗ ಎತ್ತಿಕೊಂಡ.

"ಅಪ್ಪಾ, ಅಮ್ಮ ಒಂಬತ್ತು ಸಲ ಫೋನ್ ಮಾಡಿದ್ದಾರೆ. ಅಕ್ಕಿ ಡಬ್ಬ ಹಾಡುತ್ತಿದೆ ಎಂದು ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಕುಳಿತಿದ್ದಾರೆ."

"ಅಮ್ಮನಿಗೆ ಹೇಳು, ನಾನು ಗಡಿಯಾರದ ಹತ್ತಿರ ಇದ್ದೇನೆ."

"ಯಾವ ಗಡಿಯಾರ?" ಎಂದ. ಹದಿನಾರು ವರ್ಷದ ಹುಡುಗನಿಗೆ ತಕ್ಷಣ ಹೊಳೆದ ಪ್ರಶ್ನೆ.

ಕಾಲು ಗಂಟೆಯ ಮೇಲೆ ಅವಳು ಬಂದಳು. ಕೈಯಲ್ಲಿ ಬಾಡಿದ ಸೊಪ್ಪು, ಮುಡಿಯಲ್ಲಿ ಬಾಡಿದ ಮಲ್ಲಿಗೆ. ಬೈಯಲಿಲ್ಲ, ಚೀಲ ನನ್ನ ಕೈಗಿತ್ತಳು, ಅಷ್ಟೇ. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಕೇಳಿದಳು: "ಮುಂದಿನ ಭಾನುವಾರವೂ ಸರಳ ಜೀವನವೇ?"

"ಹೌದು" ಎಂದೆ, ಸ್ವಲ್ಪ ಸಣ್ಣ ದನಿಯಲ್ಲಿ.

"ಆಗಲಿ. ದಸರೆಗೆ ಕರೆದುಕೊಂಡು ಹೋಗುವಾಗ ಮಕ್ಕಳ ಜೇಬಿಗೆ ಹೆಸರು, ವಿಳಾಸ ಬರೆದ ಚೀಟಿ ಹಾಕುತ್ತಿದ್ದರಲ್ಲ, ನಿಮಗೂ ಒಂದು ಬರೆದಿಡುತ್ತೇನೆ."